ಮಾರಿಯೋ ಮೇಕರ್ 2: ಅಪರಿಚಿತರು ಕಟ್ಟಿದ ಲೆವೆಲ್‌ಗಳ ಹುಚ್ಚು ಹಿಡಿದವರು ಇಲ್ಲಿ ಯಾರಿದ್ದೀರಿ?

ಗೂಂಬಾ ಗೌಡ
ನಗುವವರು ಮೊದಲೇ ನಕ್ಕುಬಿಡಿ. ಮಾರಿಯೋ ಓಡುವ ಲೆವೆಲ್‌ಗಳನ್ನು (ಹಂತಗಳನ್ನು) ಆಟಗಾರರೇ ಕಟ್ಟಿ ಹಂಚಿಕೊಳ್ಳುವ ಈ ಆಟ ಬಿಡುಗಡೆಯಾದದ್ದು 2019ರ ಜೂನ್‌ನಲ್ಲಿ, ನನ್ನ ಕೈಗೆ ಬಂದದ್ದು ಈ ದೀಪಾವಳಿಗೆ. ಸಿಂಗಪುರದಲ್ಲಿರುವ ಭಾವ ತಾವು ಆಡಿ ಬಿಟ್ಟ ನಿಂಟೆಂಡೊ ಸ್ವಿಚ್ ಕನ್ಸೋಲಿನ ಜೊತೆಗೆ ಕೊಟ್ಟುಹೋದರು. ಅಂದಿನಿಂದ ನಮ್ಮ ಮನೆಯ ಟಿವಿಯಲ್ಲಿ ವಾರ್ತೆ, ಧಾರಾವಾಹಿ ಎರಡೂ ಬಂದ್.

ಕಥೆಯ ಭಾಗವನ್ನು ಅರ್ಧಕ್ಕೇ ಬಿಟ್ಟಿದ್ದೇನೆ. ಪೀಚ್ ರಾಜಕುಮಾರಿಯ ಅರಮನೆ ಇನ್ನೂ ಗೋಡೆಯ ಮಟ್ಟದಲ್ಲೇ ಇದೆ. ಪಾಪ, ಅದನ್ನು ಕಟ್ಟುವ ಟೋಡ್‌ಗಳು ನಾನು ತರುವ ನಾಣ್ಯಗಳಿಗಾಗಿ ಕಾಯುತ್ತಿದ್ದಾರೆ. ನಾನೋ ಆಟಗಾರರೇ ಕಟ್ಟಿ ಹಾಕಿದ ಲೆವೆಲ್‌ಗಳ ಒಳಗೆ ಬಿದ್ದು ಮೇಲೆ ಬರಲಾರದೆ ಇದ್ದೇನೆ. ನಿನ್ನೆ ರಾತ್ರಿ ಒಂದು ಸಿಕ್ಕಿತು. ಒಮ್ಮೆ ನೆಲ ಬಿಟ್ಟು ಹಾರಿದ ಮೇಲೆ ಮತ್ತೆಲ್ಲಿಯೂ ಕಾಲೂರದೆ ಧ್ವಜದ ಕಂಬ ಮುಟ್ಟಬೇಕು ಎಂಬುದು ಅದರ ಷರತ್ತು. ಶತ್ರುಗಳ ತಲೆಯಿಂದ ತಲೆಗೆ ಪುಟಿಯುತ್ತ ಪುಟಿಯುತ್ತ ಸಾಗಬೇಕು. ಇನ್ನೇನು ಬಿದ್ದೆ ಅನ್ನುವಷ್ಟರಲ್ಲಿ ಅಡಿಯಿಂದ ಒಂದು ಕೂಪಾ (ಆಮೆಯಂಥ ಶತ್ರು) ರೆಕ್ಕೆ ಬಡಿಯುತ್ತ ಎದ್ದು ಬರುತ್ತದೆ. ಕಟ್ಟಿದವರು ಜಪಾನಿನವರೆಂದು ಹೆಸರಿನ ಪಕ್ಕದ ಬಾವುಟ ಹೇಳುತ್ತಿತ್ತು. ನನಗೆ ಆ ಭಾಷೆಯ ಒಂದಕ್ಷರವೂ ಬಾರದು, ಆದರೂ ಆ ಮನುಷ್ಯ ನನ್ನನ್ನು ಎಲ್ಲಿ ಹೆದರಿಸಬೇಕು, ಎಲ್ಲಿ ಕೈ ಹಿಡಿಯಬೇಕು ಎಂದು ಯೋಚಿಸಿಯೇ ಕಟ್ಟಿದ್ದಾರೆ ಎಂಬುದು ಚೆನ್ನಾಗಿ ತಿಳಿಯಿತು.

ಈಗ ಪ್ರಶ್ನೆ. ಇಂಥ ಲೆವೆಲ್‌ಗಳನ್ನು ಹುಡುಕುವುದು ಹೇಗೆ? ಸುಮ್ಮನೆ ಸಿಕ್ಕಿದ್ದನ್ನು ಆಡುತ್ತ ಹೋದರೆ ಹತ್ತು ಕಸದ ನಡುವೆ ಒಂದು ರತ್ನ ಸಿಗುತ್ತಿದೆ. ಇನ್ನೊಂದು, ಸಿಟ್ಟಿನ ಪ್ರಶ್ನೆ. ಗುಂಡಿ ದಾಟಲು ಹಾರಿದಾಗ ಸರಿಯಾಗಿ ತಲೆಗೆ ಬಡಿಯುವಂತೆ ಕಾಣದ ಬ್ಲಾಕ್ ಇಟ್ಟು ಕೊಲ್ಲುತ್ತಾರಲ್ಲ, ಅವರಿಗೆ ಏನು ಸಿಗುತ್ತದೆ?

ಬಾಳೆಹೊನ್ನೂರಿನ ಯೋಶಿ
ಸ್ವಾಗತ. ನಿದ್ರೆಗೆ ವಿದಾಯ ಹೇಳಿ ಬಂದಿದ್ದೀರಿ ತಾನೆ?

ಮೂರನೆಯ ಪೈಪ್
ಹುಡುಕಲು ಸುಲಭದ ದಾರಿ ಇದು. ಒಂದು ಲೆವೆಲ್ ಇಷ್ಟವಾದರೆ ಅಲ್ಲಿಗೇ ನಿಲ್ಲಬೇಡಿ, ಅದನ್ನು ಕಟ್ಟಿದವರ ಪುಟ ತೆರೆದು ಅವರ ಉಳಿದ ಲೆವೆಲ್‌ಗಳನ್ನೂ ನೋಡಿ. ಒಳ್ಳೆಯದನ್ನು ಕಟ್ಟಿದವರು ಸಾಮಾನ್ಯವಾಗಿ ಒಂದಕ್ಕೇ ನಿಲ್ಲಿಸಿರುವುದಿಲ್ಲ. ವಿವರವಾದ ಹುಡುಕಾಟದಲ್ಲಿ ಒಗಟು, ಸಂಗೀತ, ವೇಗದ ಓಟ ಎಂದು ಬಗೆ ಆರಿಸುವ ಸೌಲಭ್ಯವೂ ಇದೆ. ಜನಪ್ರಿಯ ಪಟ್ಟಿಯನ್ನು ಮಾತ್ರ ನಂಬಬೇಡಿ. ಅಲ್ಲಿ ಮೇಲೇರುವುದು ಸುಲಭವಾದದ್ದು, ಅಥವಾ ಮಾರಿಯೋ ತಾನಾಗಿಯೇ ಓಡುವಂಥದ್ದು.

ಹಳೆಯ ಕ್ಯಾಸೆಟ್
ಹತ್ತಕ್ಕೆ ಒಂದು ರತ್ನವೇ? ನಿಮ್ಮ ಅದೃಷ್ಟ ಚೆನ್ನಾಗಿದೆ ಗೌಡರೇ. ನನ್ನ ಲೆಕ್ಕದಲ್ಲಿ ನೂರಕ್ಕೆ ಒಂದೂ ಇಲ್ಲ.

ನಾನು ಟಿವಿಗೆ ಸಿಕ್ಕಿಸುವ ಡಬ್ಬಿ, ಅದಕ್ಕೊಂದು ಹಳದಿ ಕ್ಯಾಸೆಟ್, ಅದರ ಮೇಲೆ 'ಒಂದರಲ್ಲಿ 999999 ಆಟ' ಎಂಬ ಹಸಿ ಸುಳ್ಳು, ಇವುಗಳ ಕಾಲದವನು. ಆ ಲಕ್ಷಗಟ್ಟಲೆ ಆಟಗಳಲ್ಲಿ ನಿಜವಾಗಿ ಇದ್ದದ್ದು ಬೆರಳೆಣಿಕೆಯಷ್ಟು. ಅದರಲ್ಲಿ ಮಾರಿಯೋ ಒಂದು. 1985ರ ಆ ಮೊದಲ ಲೆವೆಲ್ಲನ್ನು ನೆನಪಿಸಿಕೊಳ್ಳಿ. ಶುರುವಿನಲ್ಲಿ ಎದುರಿನಿಂದ ಒಂದೇ ಒಂದು ಗೂಂಬಾ ಬರುತ್ತದೆ. ಹಾರಲು ಕಲಿಯದಿದ್ದರೆ ಸಾಯುತ್ತೀರಿ, ಆದರೆ ಆಟ ಶುರುವಾಗಿ ಕ್ಷಣವಷ್ಟೇ ಆಗಿರುವುದರಿಂದ ಏನೂ ನಷ್ಟವಿಲ್ಲ. ಬ್ಲಾಕಿಗೆ ತಲೆ ಬಡಿದರೆ ಅಣಬೆ ಹೊರಬಂದು ಬಲಕ್ಕೆ ಉರುಳುತ್ತದೆ, ಪೈಪಿಗೆ ತಾಗಿ ನಿಮ್ಮತ್ತ ತಿರುಗುತ್ತದೆ. ಅದೂ ಶತ್ರುವೇ ಎಂದು ಹೆದರಿ ಹಾರಿದಿರೋ, ಮೇಲಿನ ಇಟ್ಟಿಗೆಗೆ ತಲೆ ತಾಗಿ ಅದರ ಮೇಲೆಯೇ ಬೀಳುತ್ತೀರಿ, ದೊಡ್ಡವರಾಗುತ್ತೀರಿ. ಒಂದು ಸಾಲಿನ ಸೂಚನೆಯೂ ಇಲ್ಲದೆ ಆಟದ ಅರ್ಧ ನಿಯಮ ಕಲಿತಾಯಿತು. ಆ ಆಟ ರೂಪಿಸಿದ ಮಿಯಾಮೊಟೊ ಮತ್ತು ತೆಜುಕಾ ಇದನ್ನೆಲ್ಲ ಚೌಕಳಿ ಕಾಗದದ ಮೇಲೆ ಬರೆದು ಬರೆದು ಯೋಜಿಸಿದವರು. ಈಗಿನವರು ಸೋಫಾದ ಮೇಲೆ ಮಲಗಿಕೊಂಡು ಬೆರಳಲ್ಲಿ ಗೀಚಿ, ಒಂದು ಪರದೆಯಲ್ಲಿ ನಲವತ್ತು ಖಳನಾಯಕ ಬೌಸರ್‌ಗಳನ್ನು ತುಂಬಿ 'ನನ್ನ ಲೆವೆಲ್ ಆಡಿ' ಎನ್ನುತ್ತಾರೆ.

ಕರಾವಳಿ ಕೂಪಾ
ಹಳೆಯ ಕ್ಯಾಸೆಟ್ ಅಣ್ಣ, ಆ ನಲವತ್ತು ಬೌಸರ್‌ಗಳಲ್ಲೇ ನನಗೆ ಸಂತೋಷ! ಎಲ್ಲರೂ ಮಿಯಾಮೊಟೊ ಆಗಬೇಕೆಂದು ಯಾರು ಹೇಳಿದರು? ಯಾವುದೋ ಊರಿನ ಹುಡುಗ ಶಾಲೆಯಿಂದ ಬಂದು ಬ್ಯಾಗ್ ಎಸೆದು ಕಟ್ಟಿದ್ದು ಅದು. ಅದರಲ್ಲಿ ವಿನ್ಯಾಸ ಇರಲಿಕ್ಕಿಲ್ಲ, ಉತ್ಸಾಹ ಇದೆ. ಅಲ್ಲದೆ ಈ ಆಟವೇ ನಿಂಟೆಂಡೊ ಒಳಗಿನವರು ಲೆವೆಲ್ ಕಟ್ಟಲೆಂದು ಮಾಡಿಕೊಳ್ಳುತ್ತಿದ್ದ ಉಪಕರಣದಿಂದ ಹುಟ್ಟಿದ್ದು. ಒಳಗಿನವರ ಆಟಿಕೆ ಹೊರಗಿನವರ ಕೈಗೆ ಬಂದಿದೆ. ಸ್ವಲ್ಪ ಗೀಚಲಿ ಬಿಡಿ.

ಹಳೆಯ ಕ್ಯಾಸೆಟ್
ಗೀಚಲಿ, ಬೇಡ ಎಂದವನಲ್ಲ. ಗೀಚಿದ್ದೆಲ್ಲವನ್ನೂ ಅಪ್‌ಲೋಡ್ ಮಾಡಬೇಕೆ ಎಂಬುದು ನನ್ನ ಪ್ರಶ್ನೆ.

ಮೂರನೆಯ ಪೈಪ್
ಒಂದು ತಡೆ ಇದೆಯಲ್ಲ ಸ್ವಾಮಿ. ತಾನು ಕಟ್ಟಿದ್ದನ್ನು ತಾನೇ ಆಡಿ ಗೆಲ್ಲದೆ ಯಾರೂ ಅಪ್‌ಲೋಡ್ ಮಾಡುವಂತಿಲ್ಲ. ನನ್ನ ಪ್ರಕಾರ ಇಡೀ ಆಟದ ಅತ್ಯುತ್ತಮ ನಿಯಮ ಅದೇ. ಎಷ್ಟೇ ಕ್ರೂರವಾದ ಲೆವೆಲ್ಲಾದರೂ ಒಬ್ಬರು ಅದನ್ನು ದಾಟಿ ಬಂದಿದ್ದಾರೆ ಎಂಬ ಖಾತರಿ ಇರುತ್ತದೆ.

ಅಂಚೆಪೇಟೆ ಅಮ್ಮ
ಆ ನಿಯಮದಿಂದ ನಮ್ಮ ಮನೆಯಲ್ಲಿ ನಡೆದ ಮಹಾಯುದ್ಧ ಕೇಳಿ. ನನ್ನ ಮಗಳು ನಾಲ್ಕನೆಯ ತರಗತಿ. ಅವಳು ಕಟ್ಟುವ ಲೆವೆಲ್‌ಗಳಲ್ಲಿ ಎರಡೇ ವಸ್ತು: ಆಕಾಶದ ತುಂಬ ನಾಣ್ಯ, ನೆಲದ ತುಂಬ ಥ್ವಾಂಪ್ (ಮೇಲಿನಿಂದ ಬಿದ್ದು ಜಜ್ಜುವ ಕಲ್ಲಿನ ಶತ್ರು). ಕಟ್ಟಿ ಮುಗಿಸಿ, ಬಣ್ಣಬಣ್ಣದ ಹೆಸರಿಟ್ಟು, ಅಪ್‌ಲೋಡ್ ಒತ್ತಿದರೆ 'ಮೊದಲು ನೀನೇ ಆಡಿ ತೋರಿಸು' ಎಂದಿತು ಆಟ. ಅವಳಿಗೆ ಸಾಧ್ಯವಾಗಲಿಲ್ಲ. ಅಪ್ಪನನ್ನು ಕೂರಿಸಿದಳು, ಅವರಿಂದಲೂ ಆಗಲಿಲ್ಲ. ಆಮೇಲೆ ಅಳು, ಊಟ ಬೇಡ, ಆಟ ಮೋಸ ಮಾಡುತ್ತದೆ ಎಂಬ ದೂರು.

ಮರುದಿನ ತಾನೇ ಕುಳಿತು ಒಂದೊಂದೇ ಥ್ವಾಂಪ್ ತೆಗೆಯುತ್ತ ಬಂದಳು. ತೆಗೆದು ಆಡಿ, ಸತ್ತು, ಇನ್ನೊಂದನ್ನು ಪಕ್ಕಕ್ಕೆ ಸರಿಸಿ. ಕೊನೆಗೆ ಒಂದು ಥ್ವಾಂಪಿನ ಕೆಳಗೆ ಸರಿಯಾಗಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು, 'ಇಲ್ಲಿ ನಿಂತರೆ ಬದುಕುತ್ತಾರಮ್ಮ, ಆದರೆ ಅವರಿಗೆ ಗೊತ್ತಿರುವುದಿಲ್ಲ' ಎಂದು ನಕ್ಕಳು. ಆ ನಗು ಕಂಡು ನನಗೆ ಸ್ವಲ್ಪ ಭಯವಾಯಿತು.

ಬಾಳೆಹೊನ್ನೂರಿನ ಯೋಶಿ
ಅಕ್ಕ, ಗೌಡರು ಕೇಳಿದ ಎರಡನೆಯ ಪ್ರಶ್ನೆಗೆ ನಿಮ್ಮ ಮಗಳೇ ಉತ್ತರ.

ಗೂಂಬಾ ಗೌಡ
ಹಾಗಾದರೆ ನಾನು ಬಯ್ದದ್ದೆಲ್ಲ ನಾಲ್ಕನೆಯ ತರಗತಿಯ ಮಕ್ಕಳಿಗೋ?

ಕೆಂಪು ಸ್ವಿಚ್
ಕಾಣದ ಬ್ಲಾಕಿನ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಅದನ್ನು ಇಡುವವರ ಪಂಗಡದವನು ನಾನು. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮೂರು ಜಾತಿಯವರಿದ್ದೇವೆ.

ಮೊದಲನೆಯವರು ಸೋಮಾರಿಗಳು. ಗುಂಡಿಯ ಮೇಲೆ ಬ್ಲಾಕ್ ಇಟ್ಟು ಹೋಗುತ್ತಾರೆ, ಅವರಿಗೆ ಅದರಾಚೆ ಯೋಚನೆಯಿಲ್ಲ. ಎರಡನೆಯವರು ಕೈಜೋ ಪಂಥದವರು. ಅವರ ಲೆವೆಲ್ ಕಠಿಣ, ಆದರೆ ಬಹುಮಟ್ಟಿಗೆ ಪ್ರಾಮಾಣಿಕ. ಎಲ್ಲಿ ಕೂಪಾದ ಚಿಪ್ಪು ಎಸೆಯಬೇಕು, ಗೋಡೆಗೆ ಬಡಿದು ಬಂದ ಆ ಚಿಪ್ಪಿನ ಮೇಲೆ ಗಾಳಿಯಲ್ಲೇ ಯಾವಾಗ ಪುಟಿಯಬೇಕು ಎಂದು ನಾಣ್ಯಗಳ ಸಾಲು ಇಟ್ಟು ತೋರಿಸುತ್ತಾರೆ. ನಿಮ್ಮ ಬೆರಳು ಅದನ್ನು ಮಾಡಬಲ್ಲದೇ ಎಂಬುದಷ್ಟೇ ಪರೀಕ್ಷೆ. ಮೂರನೆಯವರು ಚೇಷ್ಟೆಯವರು, ನಾನು ಅಲ್ಲಿಗೆ ಸೇರಿದವನು. ಚೇಷ್ಟೆಯ ಲೆವೆಲ್ ಎಂದರೆ ಸುಮ್ಮನೆ ಕೊಲ್ಲುವುದಲ್ಲ. ಆಟಗಾರ ಮುಂದೆ ಏನು ಯೋಚಿಸುತ್ತಾನೆ ಎಂದು ಮೊದಲೇ ಊಹಿಸಬೇಕು. ಇಲ್ಲಿ ಗುಪ್ತ ಬ್ಲಾಕ್ ಇದೆ ಎಂದು ಒಮ್ಮೆ ಸತ್ತು ಕಲಿತವನು ಎರಡನೆಯ ಸಲ ಎಚ್ಚರದಿಂದ ಸ್ವಲ್ಪ ಹಿಂದೆಯೇ ನಿಂತು ಹಾರುತ್ತಾನಲ್ಲ, ಅವನಿಗಾಗಿ ಆ ಹಿಂದಿನ ಜಾಗದಲ್ಲೊಂದು ಇಟ್ಟಿರುತ್ತೇನೆ. ಮೂರನೆಯ ಸಲ ಅವನು ನಗುತ್ತಾನೆ. ನಗದಿದ್ದರೆ ನಾನು ಸೋತಂತೆ.

ಹಳೆಯ ಕ್ಯಾಸೆಟ್
ಇದನ್ನು ಓದಿದ ಮೇಲೆ ನಿಮ್ಮ ಮೇಲೆ ಗೌರವ ಹೆಚ್ಚಿತು, ಪ್ರೀತಿ ಕಡಿಮೆಯಾಯಿತು.

ಕರಾವಳಿ ಕೂಪಾ
ಅಡಿಗೆರೆ ಎಳೆಯಬೇಕಾದ ಮಾತು: 'ನಗದಿದ್ದರೆ ನಾನು ಸೋತಂತೆ'. ಆದರೆ ಅವನು ನಕ್ಕನೋ ಇಲ್ಲವೋ ನಿಮಗೆ ಹೇಗೆ ತಿಳಿಯುತ್ತದೆ?

ಕೆಂಪು ಸ್ವಿಚ್
ಲೆವೆಲ್ಲಿನ ಒಳಗೇ ಬರೆದು ಹೋಗುತ್ತಾರಲ್ಲ. ಯಾವ ಜಾಗದಲ್ಲಿ ಬರೆದಿದ್ದಾರೋ ಅದೇ ಜಾಗದಲ್ಲಿ ಟಿಪ್ಪಣಿ ಕಾಣುತ್ತದೆ, ಚಿತ್ರವನ್ನೂ ಗೀಚಬಹುದು. ನನ್ನ ಎರಡನೆಯ ಬ್ಲಾಕಿನ ಬಳಿ ಯಾರೋ ಅಳುವ ಲುಯಿಜಿಯ ಮುಖ ಬಿಡಿಸಿ ಹೋಗಿದ್ದಾರೆ. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬೇಡ.

ಮೂರನೆಯ ಪೈಪ್
2015ರಲ್ಲಿ ವೀ ಯು ಕನ್ಸೋಲಿಗೆ ಬಂದ ಮೊದಲ ಮಾರಿಯೋ ಮೇಕರ್‌ನಲ್ಲಿ ಇನ್ನೊಂದು ಸೊಗಸಿತ್ತು. ನೀವು ಸತ್ತ ಕೂಡಲೇ ಅದೇ ಜಾಗದಲ್ಲಿ ಸತ್ತ ಉಳಿದವರ ಗುರುತುಗಳು ಪಟಪಟನೆ ಕೆಂಪು ಗುಣಾಕಾರ ಚಿಹ್ನೆಗಳಾಗಿ ಮೂಡುತ್ತಿದ್ದವು. 'ಓ, ಇಲ್ಲಿ ಬಿದ್ದವನು ನಾನೊಬ್ಬನೇ ಅಲ್ಲ' ಎಂಬ ಸಮಾಧಾನ.

ಸ್ಯಾಕ್‌ಬಾಯ್ ಶೆಟ್ಟಿ
ನೀವೆಲ್ಲ ಮಾರಿಯೋ ಮಾರಿಯೋ ಎನ್ನುತ್ತಿದ್ದೀರಿ. ಈ ಹುಚ್ಚನ್ನು ಕನ್ಸೋಲ್ ಜಗತ್ತಿನಲ್ಲಿ ಮನೆಮನೆಗೆ ಹಬ್ಬಿಸಿದ್ದು ಲಿಟಲ್‌ಬಿಗ್‌ಪ್ಲಾನೆಟ್ ಎಂದು ಒಬ್ಬರಾದರೂ ಹೇಳಬೇಡವೇ? ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಊರಿನ ಮೀಡಿಯಾ ಮಾಲಿಕ್ಯೂಲ್‌ನವರು 2008ರಲ್ಲೇ ಪ್ಲೇಸ್ಟೇಷನ್ 3ಕ್ಕೆ ತಂದದ್ದು. ಗೋಣಿಚೀಲದ ಬಟ್ಟೆಯಿಂದ ಹೊಲಿದ ಒಂದು ಪುಟ್ಟ ಗೊಂಬೆ, ಸ್ಪಂಜು, ರಟ್ಟು, ಮರ, ಹಗ್ಗ. ಇಷ್ಟರಲ್ಲೇ ಜಗತ್ತು ಕಟ್ಟಬೇಕು. ಮಾರಿಯೋದಲ್ಲಿ ನಿಂಟೆಂಡೊ ಕೊಟ್ಟ ಭಾಗಗಳನ್ನು ನಿಂಟೆಂಡೊ ಹೇಳಿದ ಚೌಕಗಳಲ್ಲಿ ಇಡುತ್ತೀರಿ. ಇಲ್ಲಿ ತೂಕ, ಉರುಳಾಟ, ಎಳೆತ ಎಲ್ಲವೂ ನಿಜದ ಹಾಗೆ. ಚಕ್ರಕ್ಕೆ ಮೋಟಾರು ಸಿಕ್ಕಿಸಿದರೆ ಗಾಡಿ. ಗಾಡಿ ಮುಗ್ಗರಿಸಿದರೆ ಅದು ನಿಮ್ಮ ಲೆಕ್ಕದ ತಪ್ಪು.

ಬಿಡುಗಡೆಯಾದ ವರ್ಷದಲ್ಲೇ ಒಬ್ಬರು ಅದರೊಳಗೆ ಕೂಡುವ, ಕಳೆಯುವ ಯಂತ್ರ ಕಟ್ಟಿದ್ದರು ಗೊತ್ತೇ? ಅಯಸ್ಕಾಂತದ ಸ್ವಿಚ್‌ಗಳು ಆರುನೂರಕ್ಕೂ ಹೆಚ್ಚು, ಪಿಸ್ಟನ್‌ಗಳು ನಾನೂರಕ್ಕೂ ಹೆಚ್ಚು. ಗೊಂಬೆ ಒಂದು ಬದಿಯಲ್ಲಿ ನಿಂತು ಸಂಖ್ಯೆ ಕೊಟ್ಟರೆ ಆ ಪಿಸ್ಟನ್‌ಗಳ ಕಾಡು ಧಡಧಡ ಚಲಿಸಿ ಉತ್ತರ ತೋರಿಸುತ್ತಿತ್ತು. ಅದರ ವಿಡಿಯೋ ನೋಡಿದ ದಿನ ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಡಿಜಿಟಲ್ ಲಾಜಿಕ್ ಪರೀಕ್ಷೆಗೆ ಓದುತ್ತಿದ್ದೆ. ಪುಸ್ತಕದಲ್ಲಿ ತಲೆಗೆ ಹತ್ತದ, ಎರಡು ಬಿಟ್ ಕೂಡಿಸುವ ಹಾಫ್ ಆಡರ್ ಅಲ್ಲಿ ಕಣ್ಣಿಗೆ ಕಂಡಿತು.

ಬಾಳೆಹೊನ್ನೂರಿನ ಯೋಶಿ
ಪರೀಕ್ಷೆ ಪಾಸಾಯಿತೇ?

ಸ್ಯಾಕ್‌ಬಾಯ್ ಶೆಟ್ಟಿ
ವಿಷಯಕ್ಕೆ ಬನ್ನಿ.

ಅಂಚೆಪೇಟೆ ಅಮ್ಮ
ಶೆಟ್ಟರೇ, ಆ ಆಟದಲ್ಲಿ ನಮ್ಮ ದೇಶದ ಛಾಯೆಯ ಒಂದು ಭಾಗವೂ ಇತ್ತಲ್ಲವೇ? ತಮ್ಮ ಆಡುವಾಗ ನೋಡಿದ ನೆನಪು.

ಸ್ಯಾಕ್‌ಬಾಯ್ ಶೆಟ್ಟಿ
ಹೌದು, 'ದ ಟೆಂಪಲ್ಸ್' ಎಂಬ ಭಾಗ. ಆನೆ, ನರ್ತಕಿ, ಮಾಂತ್ರಿಕ ಎಲ್ಲವೂ ಇದ್ದವು. ಹೊರಗಿನವರು ನಮ್ಮ ದೇಶವನ್ನು ಚಿತ್ರಿಸಿದರೆ ಏನೇನು ಬರಬೇಕೋ ಅಷ್ಟೂ ಬಂದಿತ್ತು. ಆದರೂ ಆ ಬಟ್ಟೆಯ ಅಂಚು, ಕಸೂತಿ, ಬಣ್ಣ ನೋಡಿ ಮನಸ್ಸು ಕರಗಿತು, ಸುಳ್ಳು ಹೇಳುವುದಿಲ್ಲ.

ಹಳೆಯ ಕ್ಯಾಸೆಟ್
ಶೆಟ್ಟರೇ, ಆ ಯಂತ್ರ ಇದ್ದ ಲೆವೆಲ್ಲನ್ನು ಇಂದು ಎಲ್ಲಿ ಆಡುತ್ತೀರಿ? 2021ರಲ್ಲಿ ಪ್ಲೇಸ್ಟೇಷನ್ 3ರ ಸರ್ವರ್ ಮುಚ್ಚಿದರು. ಮೂರನೆಯ ಭಾಗದ ಪ್ಲೇಸ್ಟೇಷನ್ 4 ಸರ್ವರ್ ಕೂಡ 2024ರ ಜನವರಿಯಲ್ಲಿ ನಿಂತದ್ದು ಮತ್ತೆ ಏಳಲಿಲ್ಲ. ಕೋಟಿಗಟ್ಟಲೆ ಗಂಟೆಗಳ ಜನರ ದುಡಿಮೆ. ನನ್ನ ಹಳದಿ ಕ್ಯಾಸೆಟ್ ಇಂದಿಗೂ ಊದಿ ಸಿಕ್ಕಿಸಿದರೆ ಓಡುತ್ತದೆ.

ಸ್ಯಾಕ್‌ಬಾಯ್ ಶೆಟ್ಟಿ
ಗಾಯಕ್ಕೇ ಕೈ ಹಾಕಿದಿರಿ. ಆದರೆ ಪೂರ್ತಿ ಹೋಯಿತು ಎನ್ನುವುದು ಸರಿಯಲ್ಲ. ಅಭಿಮಾನಿಗಳು ಲಕ್ಷಾಂತರ ಲೆವೆಲ್‌ಗಳ ನಕಲು ತೆಗೆದಿಟ್ಟಿದ್ದಾರೆ, ತಮ್ಮದೇ ಸರ್ವರ್‌ಗಳನ್ನೂ ನಡೆಸುತ್ತಿದ್ದಾರೆ. ಕಂಪನಿ ಬಿಟ್ಟದ್ದನ್ನು ಆಡಿದವರು ಹೊತ್ತುಕೊಂಡಿದ್ದಾರೆ.

ಹಳೆಯ ಕ್ಯಾಸೆಟ್
ಅದಕ್ಕೆ ಕನ್ಸೋಲ್ ಬಿಚ್ಚಿ ಏನೇನೋ ಮಾಡಬೇಕು. ನನ್ನಂಥ ಸಾಮಾನ್ಯನಿಗೆ ಅದು ಹೋದಂತೆಯೇ.

ಮೂರನೆಯ ಪೈಪ್
ಸರ್ವರ್ ಮುಚ್ಚುವ ಮಾತು ಬಂದದ್ದರಿಂದ ಹೇಳುತ್ತೇನೆ, ಆಟಗಳ ಚರಿತ್ರೆಯಲ್ಲೇ ನನಗೆ ಅತಿ ಪ್ರಿಯವಾದ ಘಟನೆ ಇದು. ಗೌಡರೇ, ಚಹಾ ಮಾಡಿಕೊಂಡು ಓದಿ.

ಮೊದಲ ಮಾರಿಯೋ ಮೇಕರ್‌ಗೆ ಹೊಸ ಲೆವೆಲ್ ಅಪ್‌ಲೋಡ್ ಮಾಡುವುದನ್ನು 2021ರ ಮಾರ್ಚ್ ಕೊನೆಗೆ ನಿಲ್ಲಿಸಿದರು. 2024ರ ಏಪ್ರಿಲ್ 8ಕ್ಕೆ ವೀ ಯು ಸರ್ವರ್‌ಗಳೇ ಮುಚ್ಚುತ್ತವೆ ಎಂದು ಪ್ರಕಟಣೆ ಬಂತು. 'ಟೀಮ್ 0%' ಎಂಬ ಆಟಗಾರರ ಗುಂಪೊಂದಿದೆ. ಅಪ್‌ಲೋಡ್ ಮಾಡಿದವರನ್ನು ಬಿಟ್ಟರೆ ಬೇರೆ ಯಾರೂ ಗೆದ್ದಿಲ್ಲದ ಲೆವೆಲ್‌ಗಳನ್ನೆಲ್ಲ ಹುಡುಕಿ ಗೆಲ್ಲುವುದು ಅವರ ಪಣ. ವರ್ಷಗಟ್ಟಲೆ ಗೆಲ್ಲುತ್ತ ಗೆಲ್ಲುತ್ತ ಬಂದು, ಮುಚ್ಚುವ ಕೆಲವೇ ವಾರಗಳ ಮುಂಚೆ ಎರಡೇ ಉಳಿದಿದ್ದವು: 'ದ ಲಾಸ್ಟ್ ಡಾನ್ಸ್' ಮತ್ತು 'ಟ್ರಿಮ್ಮಿಂಗ್ ದ ಹರ್ಬ್ಸ್'. ಮಾರ್ಚ್ ಮಧ್ಯದಲ್ಲಿ ಮೊದಲನೆಯದು ಬಿತ್ತು. ಎರಡನೆಯದು ಅರ್ಧ ನಿಮಿಷವೂ ಇಲ್ಲದ ಲೆವೆಲ್, ಆದರೆ ಕಣ್ಣು ಮಿಟುಕಿಸುವುದರೊಳಗಿನ ಲೆಕ್ಕ ತಪ್ಪಿದರೂ ಮುಗಿಯಿತು. ಜಗತ್ತಿನ ಶ್ರೇಷ್ಠ ಆಟಗಾರರು ಹಗಲೂ ರಾತ್ರಿ ಅದರ ಮೇಲೆ ಬಿದ್ದರು.

ಹಾಗಿರುವಾಗ ಅದನ್ನು ಕಟ್ಟಿದವರೇ ಬಂದು, ತಾವು ಅದನ್ನು ಕೈಯಿಂದ ಗೆದ್ದಿರಲಿಲ್ಲ, ಗುಂಡಿಗಳನ್ನು ಯಂತ್ರದಿಂದ ಒತ್ತಿಸಿ ಗೆದ್ದು ಅಪ್‌ಲೋಡ್ ಮಾಡಿದ್ದು ಎಂದು ಹೇಳಿಬಿಟ್ಟರು!

ಗೂಂಬಾ ಗೌಡ
ಅಯ್ಯೋ! ಹಾಗಾದರೆ ಅಷ್ಟೂ ಜನ ಆಡಿದ್ದು ವ್ಯರ್ಥವೇ?

ಮೂರನೆಯ ಪೈಪ್
ಕೇಳಿ. ಪ್ರಾಮಾಣಿಕ ಲೆವೆಲ್‌ಗಳಲ್ಲಿ ಕೊನೆಯದು 'ದ ಲಾಸ್ಟ್ ಡಾನ್ಸ್', ಅದು ಆಗಲೇ ಬಿದ್ದಿದೆ, ಆದ್ದರಿಂದ ಪಣ ಗೆದ್ದಂತಾಯಿತು ಎಂದು ಗುಂಪಿನವರು ತೀರ್ಮಾನಿಸಿದರು. ಅಲ್ಲಿಗೆ ಎಲ್ಲರೂ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಯಂತ್ರ ಮಾತ್ರ ಗೆದ್ದ ಲೆವೆಲ್ಲನ್ನು ಮನುಷ್ಯ ಗೆಲ್ಲಬಲ್ಲನೇ ಎಂಬುದೇ ಹೊಸ ಪ್ರಶ್ನೆಯಾಯಿತು. ಮುಚ್ಚಲು ಮೂರು ದಿನ ಇರುವಾಗ, ಏಪ್ರಿಲ್ 5ರಂದು, ಒಬ್ಬರು ಕೈಯಿಂದಲೇ ಗೆದ್ದರು.

ಕೆಂಪು ಸ್ವಿಚ್
ಈ ಕಥೆ ಎಷ್ಟು ಸಲ ಕೇಳಿದರೂ ರೋಮಾಂಚನ. ಆದರೆ ಪೈಪ್ ಅವರೇ, ನಿಮ್ಮ 'ಅತ್ಯುತ್ತಮ ನಿಯಮ', 'ಖಾತರಿ' ಎಲ್ಲಿಗೆ ಹೋಯಿತು?

ಮೂರನೆಯ ಪೈಪ್
ನಿಯಮ ಮುರಿದವರೊಬ್ಬರು ಇದ್ದರೆ ನಿಯಮ ಕೆಟ್ಟದ್ದಾಗುತ್ತದೆಯೇ? ಆ ನಿಯಮದ ಮೇಲೆ ಅಷ್ಟು ನಂಬಿಕೆ ಇದ್ದುದರಿಂದಲೇ ಸಾವಿರ ಸಲ ಸತ್ತರೂ ಜನ ಕಂಟ್ರೋಲರ್ ಕೆಳಗಿಡಲಿಲ್ಲ. ಇದನ್ನು ಗೆಲ್ಲಲು ಬರುವುದಿಲ್ಲ ಎಂದು ಮೊದಲೇ ಅನುಮಾನಿಸಿದ್ದರೆ ಯಾರು ಕೂರುತ್ತಿದ್ದರು?

ಹಳೆಯ ಕ್ಯಾಸೆಟ್
ಒಪ್ಪುವುದಿಲ್ಲ. ಒಬ್ಬರ ಸುಳ್ಳಿಗೆ ನೂರು ಜನರ ನಿದ್ರೆ ಹೋಯಿತು. ಅದನ್ನು ನೀವು ರಮ್ಯ ಕಥೆ ಮಾಡುತ್ತಿದ್ದೀರಿ.

ಕರಾವಳಿ ಕೂಪಾ
ಅಣ್ಣ, ನಿಮ್ಮ ಕ್ಯಾಸೆಟ್ ಮೇಲಿನ 999999 ಕೂಡ ಸುಳ್ಳೇ ಆಗಿತ್ತಲ್ಲ, ನೀವು ಮೂವತ್ತು ವರ್ಷದಿಂದ ಅದರ ಕಥೆ ಹೇಳುತ್ತಿಲ್ಲವೇ?

ಹಳೆಯ ಕ್ಯಾಸೆಟ್
ಇದಕ್ಕೆ ಉತ್ತರ ಆಮೇಲೆ ಕೊಡುತ್ತೇನೆ.

ಷಡ್ಜ ಸುಬ್ಬಣ್ಣ
ತಡವಾಗಿ ಬಂದೆ. ಸಂಗೀತದ ಲೆವೆಲ್‌ಗಳ ಬಗ್ಗೆ ಯಾರೂ ಮಾತಾಡಿಲ್ಲವೇಕೆ? ಸ್ವರದ ಬ್ಲಾಕ್‌ಗಳ ಮೇಲೆ ಏನಾದರೂ ಬಿದ್ದರೆ ನಾದ ಬರುತ್ತದೆ. ಯಾವ ಎತ್ತರದಲ್ಲಿ ಬ್ಲಾಕ್ ಇಟ್ಟಿದ್ದೀರಿ ಎಂಬುದರ ಮೇಲೆ ಸ್ವರ, ಮೇಲೆ ಬೀಳುವುದು ಗೂಂಬಾವೋ ನಾಣ್ಯವೋ ಎಂಬುದರ ಮೇಲೆ ವಾದ್ಯ. ಮಾರಿಯೋ ಓಡುತ್ತ ಹೋದಂತೆ ಪರದೆಯೊಳಗೆ ಬಂದ ವಸ್ತುಗಳು ಒಂದೊಂದಾಗಿ ಬೀಳುತ್ತವೆ, ಹಾಡು ನಡೆಯುತ್ತದೆ. ಓಟದ ವೇಗವೇ ತಾಳ. ನಿಂತರೆ ಹಾಡೂ ನಿಲ್ಲುತ್ತದೆ.

ನಾನು ಸರಳೆ ವರಸೆ ಹಾಕಲು ಕುಳಿತೆ. ಮಾಯಾಮಾಳವಗೌಳ, ಸರಿಗಮಪದನಿಸ. ಸ್ವರಸ್ಥಾನಗಳೇನೋ ಕೂತವು. ಆದರೆ ಗಮಕ, ಸ್ವರದ ಆ ಓಲಾಟ? ಗೂಂಬಾ ಬಿದ್ದರೆ 'ಟಣ್' ಎನ್ನುತ್ತದೆ, ಅಷ್ಟೇ. ರಿಷಭ ಅಲುಗಾಡುವುದಿಲ್ಲ. ನನ್ನ ಪಾಠದ ಗುರುಗಳಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿ, 'ಮೈಸೂರು ಅರಮನೆಯ ಇಂಗ್ಲಿಷ್ ಬ್ಯಾಂಡ್ ನುಡಿಸಿದಂತಿದೆ, ಶ್ರುತಿ ಸರಿಯಿದೆ' ಎಂದರು. ಅದು ಹೊಗಳಿಕೆಯೋ ಬೈಗುಳವೋ ಇನ್ನೂ ಸ್ಪಷ್ಟವಾಗಿಲ್ಲ.

ಅಂಚೆಪೇಟೆ ಅಮ್ಮ
ಸುಬ್ಬಣ್ಣನವರೇ, ಆ ಲೆವೆಲ್ ಹುಡುಕುವ ಕೋಡ್ ದಯವಿಟ್ಟು ನನಗೆ ಖಾಸಗಿಯಾಗಿ ಕಳುಹಿಸಿ. ಮಗಳು ಸಂಗೀತದ ಪಾಠಕ್ಕೆ ಹೋಗುವುದಿಲ್ಲವೆಂದು ದಿನವೂ ಹಟ ಮಾಡುತ್ತಾಳೆ. ಮಾರಿಯೋ ಓಡಿದರಾದರೂ ಸರಳೆ ಬಾಯಿಗೆ ಬರಬಹುದು.

ಬಾಳೆಹೊನ್ನೂರಿನ ಯೋಶಿ
ಎರಡು ಬ್ಲಾಕ್‌ಗಳನ್ನು ಪಕ್ಕಪಕ್ಕ ಇಟ್ಟು ಬೇಗಬೇಗ ಬೀಳಿಸಿದರೆ ಗಮಕದ ಭ್ರಮೆ ಬರುವುದಿಲ್ಲವೇ?

ಷಡ್ಜ ಸುಬ್ಬಣ್ಣ
ಪ್ರಯತ್ನಿಸಿದೆ. ಗಮಕದ ಬಗೆಗಳಲ್ಲಿ ಸ್ಫುರಿತದ ಹತ್ತಿರಕ್ಕೆ ಬರುತ್ತದೆ, ಕಂಪಿತ ಮಾತ್ರ ಬರುವುದೇ ಇಲ್ಲ. ಜೊತೆಗೆ ಅಷ್ಟು ಗೂಂಬಾಗಳು ಒಮ್ಮೆಗೇ ಕೆಳಗೆ ಬಂದು ಮಾರಿಯೋವನ್ನು ಕೊಲ್ಲುತ್ತವೆ.

ಗೂಂಬಾ ಗೌಡ
ಗಮಕಕ್ಕೆ ಪ್ರಾಣ ಕೊಟ್ಟವನು ಎಂದು ಶಾಸನ ಹಾಕಿಸೋಣ.

ಈಗ ನನ್ನದೊಂದು ಸಂಗತಿ. ಮೊನ್ನೆ ನಾನೂ ಒಂದು ಲೆವೆಲ್ ಕಟ್ಟಿ ಹಾಕಿದೆ. ನೆಲದಡಿಯ ಜಾಗ, ರಾತ್ರಿಯ ಆವೃತ್ತಿ. ರಾತ್ರಿ ಮಾಡಿದರೆ ಅಲ್ಲಿ ಇಡೀ ಪರದೆ ತಲೆಕೆಳಗಾಗುತ್ತದಲ್ಲ, ಅದನ್ನು ಬಳಸಿಕೊಂಡೆ. ತಲೆಕೆಳಗೆ ಬರೆದ ಒಂದು ಬಾಣದ ಗುರುತು, ಅದನ್ನು ನಂಬಿದವನು ಎಡವುತ್ತಾನೆ, ನಂಬದವನು ನಾಣ್ಯದ ಕೋಣೆ ಸೇರುತ್ತಾನೆ. ಹಬ್ಬದ ಅಡುಗೆ ಮಾಡಿಟ್ಟು ಬಾಗಿಲಲ್ಲಿ ನಿಂತವರ ಹಾಗೆ ಕಾದೆ. ಬಂದವರು ಬೆರಳೆಣಿಕೆ. ಗೆದ್ದವರು ಇನ್ನೂ ಇಲ್ಲ.

ಕೆಂಪು ಸ್ವಿಚ್
ಗೌಡರೇ, ನಾನು ಈಗ ಆಡಿದೆ (ಕೋಡ್ ನಿಮ್ಮ ಪುಟದಲ್ಲಿತ್ತು). ಉಪಾಯ ಚೆನ್ನಾಗಿದೆ, ಆದರೆ ನೀವು ಬಾಣವನ್ನು ಮೊದಲ ಪರದೆಯಲ್ಲೇ ಇಟ್ಟಿದ್ದೀರಿ. ಆಟಗಾರ ಇನ್ನೂ ಬಾಣವನ್ನು ನಂಬಲು ಕಲಿತಿಲ್ಲ, ನಂಬದವನಿಗೆ ಮೋಸ ಮಾಡುವುದು ಹೇಗೆ? ಮೊದಲು ಎರಡು ಬಾಣಗಳು ನಿಜ ಹೇಳಲಿ. ಮೂರನೆಯದು ಸುಳ್ಳು ಹೇಳಲಿ.

ಹಳೆಯ ಕ್ಯಾಸೆಟ್
ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು! ಮೊದಲು ಕಲಿಸಬೇಕು. ಕೆಂಪು ಸ್ವಿಚ್ ನನ್ನ ಕಡೆಗೇ ಬಂದರು ನೋಡಿ.

ಕೆಂಪು ಸ್ವಿಚ್
ನೀವು ಕಲಿಸುವುದು ಕಾಪಾಡಲು, ನಾನು ಕಲಿಸುವುದು ಕೆಡವಲು. ದಾರಿ ಒಂದೇ, ಊರು ಬೇರೆ.

ಮೂರನೆಯ ಪೈಪ್
ಗೌಡರೇ, ಸಮಯ ಸಿಕ್ಕರೆ ಆಟದ ಒಳಗಿನ ಪಾಠಗಳನ್ನೂ ನೋಡಿ. ಯಮಾಮುರಾ ಎಂಬ ಪಾರಿವಾಳ ಕಲಿಸುತ್ತದೆ. ಅದು ಬರೀ ಕೂಗುತ್ತದೆ, ಅದರ ಶಿಷ್ಯೆ ನೀನಾ ಅರ್ಥ ಹೇಳುತ್ತಾಳೆ. ಮಕ್ಕಳಾಟ ಎಂದುಕೊಂಡು ನಾನು ಬಹಳ ಕಾಲ ತೆರೆದೇ ಇರಲಿಲ್ಲ. ಆಟಗಾರ ಸೋತರೆ ತಪ್ಪು ತನ್ನದೇ ಎನ್ನಿಸಬೇಕು, ಲೆವೆಲ್ಲಿನದು ಎನ್ನಿಸಬಾರದು ಎಂಬುದನ್ನು ಅದಕ್ಕಿಂತ ಚೆನ್ನಾಗಿ ವಿವರಿಸಿದವರನ್ನು ಕಂಡಿಲ್ಲ.

ಕರಾವಳಿ ಕೂಪಾ
ಪಾರಿವಾಳಕ್ಕೆ ಇರುವ ತಾಳ್ಮೆ ಈ ಚರ್ಚೆಯಲ್ಲಿ ಯಾರಿಗೂ ಇಲ್ಲ.

ಸ್ಯಾಕ್‌ಬಾಯ್ ಶೆಟ್ಟಿ
ಪ್ಲೇಸ್ಟೇಷನ್ ಇರುವವರು 'ಡ್ರೀಮ್ಸ್' ನೋಡಿ. ಅದೇ ಮೀಡಿಯಾ ಮಾಲಿಕ್ಯೂಲ್‌ನವರು 2020ರ ಫೆಬ್ರವರಿಯಲ್ಲಿ ತಂದದ್ದು. ಅದರಲ್ಲಿ ಲೆವೆಲ್ ಮಾತ್ರವಲ್ಲ, ಶಿಲ್ಪ ಕೆತ್ತಬಹುದು, ಸಂಗೀತ ಕೂರಿಸಬಹುದು, ಇಡೀ ಆಟವನ್ನೇ ಬೇರೆ ಮಾಡಿಬಿಡಬಹುದು. ಸುಬ್ಬಣ್ಣನವರ ಕಂಪಿತಕ್ಕೂ ಅಲ್ಲಿ ದಾರಿ ಸಿಗಬಹುದು.

ಮೂರನೆಯ ಪೈಪ್
ಅದಕ್ಕೆ ಹೊಸ ಸೇರ್ಪಡೆಗಳನ್ನು 2023ರಲ್ಲೇ ನಿಲ್ಲಿಸಿದರಲ್ಲ. ಏನನ್ನಾದರೂ ಮಾಡಬಹುದು ಎಂದರೆ ಹೆಚ್ಚಿನವರು ಏನನ್ನೂ ಮಾಡುವುದಿಲ್ಲ ಎಂಬುದು ನನ್ನ ಅನುಮಾನ. ಮಾರಿಯೋದಲ್ಲಿ ನಾಲ್ಕು ಭಾಗಗಳಿದ್ದರೂ ಅವು ಹೇಗೆ ನಡೆದುಕೊಳ್ಳುತ್ತವೆ ಎಂದು ನಿಮಗೂ ಗೊತ್ತು, ಆಡುವವರಿಗೂ ಗೊತ್ತು. ಅರ್ಧ ಮಾತುಕತೆ ಮೊದಲೇ ಮುಗಿದಿರುತ್ತದೆ.

ಸ್ಯಾಕ್‌ಬಾಯ್ ಶೆಟ್ಟಿ
ಸೇರ್ಪಡೆ ನಿಲ್ಲಿಸಿದರು, ಆಟ ನಿಲ್ಲಿಸಲಿಲ್ಲ. ಇದಕ್ಕೆ ಬೇರೆಯೇ ಚರ್ಚೆ ಶುರುಮಾಡುತ್ತೇನೆ, ಅಲ್ಲಿ ಬನ್ನಿ ನೋಡೋಣ.

ಅಂಚೆಪೇಟೆ ಅಮ್ಮ
ಗೌಡರ ಲೆವೆಲ್ಲನ್ನು ಮಗಳು ಆಡುತ್ತಿದ್ದಾಳೆ. ಬಾಣದ ಬಳಿ ಏನೋ ಚಿತ್ರ ಬಿಡಿಸುತ್ತಿದ್ದಾಳೆ, ನನಗೆ ತೋರಿಸುವುದಿಲ್ಲವಂತೆ.

ಗೂಂಬಾ ಗೌಡ
ಮೂರು ಬಾಣಗಳನ್ನು ಹಾಕಿ ಹೊಸದನ್ನು ಕಟ್ಟುತ್ತಿದ್ದೇನೆ, ಆದರೆ ನಾನೇ ಗೆಲ್ಲಲಾರದೆ ಅಪ್‌ಲೋಡ್ ನಿಂತಿದೆ. ಕೆಂಪು ಸ್ವಿಚ್ ಅವರೇ, ತಲೆಕೆಳಗಾದ ಪರದೆಯಲ್ಲಿ ಚಿಪ್ಪು ಎಸೆಯುವಾಗ ಎಡಬಲ ಗುಂಡಿಗಳೂ ಅದಲುಬದಲಾಗುತ್ತವೆಯೇ, ಅಥವಾ ನನ್ನ ತಲೆ ಕೆಟ್ಟಿದೆಯೇ?

ಕೆಂಪು ಸ್ವಿಚ್
ಗುಂಡಿಗಳು ಸರಿಯಾಗಿವೆ. ಮಲಗಿಕೊಳ್ಳಿ ಗೌಡರೇ, ಬೆಳಿಗ್ಗೆ ಆಡಿ.